ಎಡಗಡೆಯ ಬೂಟಿನ ಸವೆತ

ಕುಪ್ಪೇಲೂರಿನ ಮಾಲತೇಶಪ್ಪ ಹದಿನೇಳು ವರ್ಷ ಫೌಜಿನಲ್ಲಿ ಟ್ಯಾಂಕ್ ಓಡಿಸಿದವನು. ೨೦೦೩ರಲ್ಲಿ ದಫೇದಾರನಾಗಿ, ಅಂದರೆ ಹವಾಲ್ದಾರನ ದರ್ಜೆಯಲ್ಲಿ, ನಿವೃತ್ತಿ ಹೊಂದಿ ಬಂದು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಗೇಟಿಗೆ ಕಾವಲು ನಿಂತ. ಪೇಟೆಯವರೆಲ್ಲ ಅವನನ್ನು ‘ಟ್ಯಾಂಕ್ ಮಾಲತೇಶಪ್ಪ’ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವನ ಎದೆ ಸ್ವಲ್ಪ ಮುಂದಕ್ಕೆ ಬರುತ್ತಿತ್ತು. ಬ್ಯಾಡಗಿಯಲ್ಲಿ ಟ್ಯಾಂಕಿನ ಹೊಟ್ಟೆಯೊಳಗೆ ಕೂತು ರಾಜಸ್ಥಾನದ ಮರಳು ತಿಂದವನು ತಾನೊಬ್ಬನೇ ಎಂಬುದು ಅವನ ಪಾಲಿಗೆ ದೊಡ್ಡ ಆಸ್ತಿ.

೨೦೦೫ರ ದೀಪಾವಳಿ ಕಳೆದ ಮೇಲೆ ಹಾವೇರಿಯಿಂದ ನಿಜಲಿಂಗಪ್ಪನವರು ಕರೆಸಿದರು. ಮಾಲತೇಶಪ್ಪನ ರೆಜಿಮೆಂಟಿನಲ್ಲೇ ಅವನ ಮೇಲಧಿಕಾರಿ, ರಿಸಾಲ್ದಾರರಾಗಿದ್ದು, ಈಗ ಮಾಜಿ ಸೈನಿಕರ ಸಂಘ ನಡೆಸುತ್ತಿದ್ದವರು. ಪುಣೆಯ ಹಳೆಯ ಅಧಿಕಾರಿಯೊಬ್ಬರು ಅವರಿಗೆ ಎರಡು ಡಬ್ಬಿ ಕಳಿಸಿದ್ದರು. ಒಂದೊಂದರಲ್ಲೂ ಪ್ಲಾಸ್ಟಿಕ್ಕಿನ ನೂರಾರು ಸಣ್ಣ ಭಾಗಗಳು. ಜೋಡಿಸಿದರೆ ಗೇಣುದ್ದದ ಟಿ-೫೫ ಟ್ಯಾಂಕು.

“ಜನವರಿ ಹದಿನೈದಕ್ಕ ಫೌಜಿನ ದಿನ. ಸಂಘದ ಹಾಲಿನ್ಯಾಗ ಇಡೂಣು,” ಎಂದರು ನಿಜಲಿಂಗಪ್ಪ. “ಆ ಗಾಡಿ ಓಡಿಸಿದಾಂವ ನೀ. ನಿನ್ನ ಬಿಟ್ಟ ಯಾರಿಗೆ ಕೊಡ್ಲಿ?”

ಜೋಡಿಸುವುದು ಅವನಿಗೆ ಕಷ್ಟವಾಗಲಿಲ್ಲ. ಯಾವ ಚಕ್ರ ಎಲ್ಲಿ ಕೂರಬೇಕೆಂದು ಕೈಗೇ ಗೊತ್ತಿತ್ತು. ಅವನು ಸೋತದ್ದು ಬಣ್ಣದಲ್ಲಿ. ರಾಣೇಬೆನ್ನೂರಿಗೆ ಹೋಗಿ ಹಸಿರು ಎನಾಮೆಲ್ ಡಬ್ಬಿ ತಂದ, ಬಾಗಿಲಿಗೆ ಬಳಿಯುವಂತೆ ಬಳಿದ. ಬೋಲ್ಟುಗಳೆಲ್ಲ ಬಣ್ಣದೊಳಗೆ ಮುಳುಗಿಹೋದವು. ಟ್ಯಾಂಕು ಎಣ್ಣೆ ಹಚ್ಚಿದ ಕಪ್ಪೆಯಂತೆ ಮಿರಮಿರ ಮಿಂಚತೊಡಗಿತು.

ಉಪಾಯವಿಲ್ಲದೆ ಅಲ್ಲಾಬಕ್ಷನ ಶೆಡ್ಡಿಗೆ ಹೋದ. ಅಲ್ಲಾಬಕ್ಷ ಲಾರಿಗಳಿಗೆ ಬಣ್ಣ ಹೊಡೆಯುವವನು, ವಯಸ್ಸು ಮೂವತ್ತರ ಆಸುಪಾಸು. ಹಿಂಬಾಗಿಲ ಮೇಲೆ ಅವನು ಬಿಡಿಸಿದ ನವಿಲುಗಳು ಮೆಣಸಿನಕಾಯಿ ಲಾರಿಗಳ ಜೊತೆ ಮುಂಬೈ, ಚೆನ್ನೈ ತಿರುಗಿ ಬರುತ್ತಿದ್ದವು.

“ದಫೇದಾರ್ರ, ಇದಕ್ಕ ಹಾಲಿನಷ್ಟ ತೆಳ್ಳಗ ಮಾಡ್ಕೋಬೇಕ್ರಿ ಬಣ್ಣಾ,” ಎಂದ ಅಲ್ಲಾಬಕ್ಷ ನಗುತ್ತ. “ಒಂದ ಸಲಕ್ಕ ಮುಚ್ಚಾಕ ಹೋಗಬಾರ್ದು. ನಾಕು ಸಲ ಹಚ್ಚೂಣು.” ಹಳೆಯದನ್ನು ಥಿನ್ನರಿನಿಂದ ಹುಷಾರಾಗಿ ಒರೆಸಿ ತೆಗೆದು ಮತ್ತೆ ಹಚ್ಚಲು ತೋರಿಸಿಕೊಟ್ಟ. ಮಾಲತೇಶಪ್ಪ ಹೊರಡುವಾಗ, ಅವನು ಜೊತೆಗೆ ತಂದಿದ್ದ ಎರಡನೇ ಡಬ್ಬಿಯ ಮೇಲೆ ಅಲ್ಲಾಬಕ್ಷನ ಕಣ್ಣು ಬಿತ್ತು. “ಇದೊಂದು ನಾ ಮಾಡ್ಲೇನ್ರಿ?”

ಮಾಲತೇಶಪ್ಪ ಸಂತೋಷದಿಂದಲೇ ಕೊಟ್ಟ. ಎಂದೂ ಟ್ಯಾಂಕ್ ಕಾಣದವನು ಏನು ಮಾಡಿಯಾನು? ಕೇಳಿದ್ದಕ್ಕೆ ಹೇಳಿಕೊಡಲು ತಾನಿದ್ದೇನಲ್ಲ.

ಮೂರು ವಾರದ ನಂತರ ಅಲ್ಲಾಬಕ್ಷ ಮನೆಗೇ ಬಂದು, ಟವೆಲಿನಲ್ಲಿ ಸುತ್ತಿದ್ದನ್ನು ಬಿಚ್ಚಿ ಕಟ್ಟೆಯ ಮೇಲೆ ಇಟ್ಟ. ಮಾಲತೇಶಪ್ಪ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಅಂಚುಗಳಲ್ಲಿ ಬಣ್ಣ ಸವೆದು ಕಬ್ಬಿಣ ಇಣುಕಿದಂತಿತ್ತು. ಬೋಲ್ಟುಗಳ ಬುಡದಲ್ಲಿ ಕಪ್ಪು ಜಿಡ್ಡು ಕೂತಿತ್ತು. ಎಡಮಗ್ಗುಲಿನ ಸೈಲೆನ್ಸರ್ ಹಿಂದೆ ಮಸಿ, ಚಕ್ರಗಳಿಂದ ಮೇಲೇರಿದ ಧೂಳು. ಡೀಸೆಲ್ ವಾಸನೆ ಬಂದಂತಾಯಿತು ಅವನಿಗೆ.

“ಹ್ಯಾಂಗ ಮಾಡಿದಿ?”

“ಕರೇ ಬಣ್ಣಾ ನೀರಿನಂಗ ಮಾಡಿ ಸಂದಿಗೆ ಬಿಟ್ಟೆ. ಬೆಳ್ಳಿ ಬಣ್ಣದ ಬ್ರಶ್ ಅರಿಬಿಗೆ ಒರಸಿ, ಒಣಗಿದ್ದರಲೇ ಅಂಚಿಗೆ ಸವರಿದೆ. ಧೂಳಾ ಅಂದ್ರ ನಮ್ಮ ಹೊಲದ ಮಣ್ಣ, ವಸ್ತ್ರದಾಗ ಸೋಸಿದ್ದು. ಲಾರಿ ದಿನಾ ನೋಡ್ತೀನಲ್ರಿ. ಧೂಳಾ ಮ್ಯಾಲಿಂದ ಬೀಳೂದಿಲ್ಲ, ಕೆಳಗಿಂದ ಏರ್ತೈತಿ.”

ಹೆಂಡತಿ ಶೈಲಾ ಚಹಾ ತಂದವಳು ಬಗ್ಗಿ ಅದನ್ನೂ ಪಕ್ಕದಲ್ಲಿದ್ದ ಗಂಡನದನ್ನೂ ನೋಡಿದಳು. “ಇದು ನೋಡ್ರಿ ಖರೇ ನಿಮ್ಮ ಗಾಡಿ ಅನಸ್ತೈತಿ,” ಎಂದಳು ಅಲ್ಲಾಬಕ್ಷನದನ್ನು ತೋರಿಸಿ. “ನಿಮ್ಮದು ಈಗ ಅಂಗಡಿಯಿಂದ ತಂದ ಪಾತ್ರಿಗತೆ ಕಾಣ್ತೈತಿ.”

ಮಾಲತೇಶಪ್ಪ ನಕ್ಕ. ಆದರೆ ಒಳಗೆ ಕಾದ ಸಲಾಕೆ ಇಳಿದಂತಾಯಿತು. ಇಷ್ಟು ವರ್ಷ ಅವನು ಈ ಹೆಂಡತಿಗೆ ಆ ಗಾಡಿಯ ಕಥೆ ಹೇಳಿದ್ದ. ಅವಳಿಗೆ ಅದು ಕಣ್ಣಿಗೆ ಕಟ್ಟಿದ್ದು ಈಗ, ಇನ್ನೊಬ್ಬನ ಕೈಯಿಂದ. ತನ್ನ ಫೌಜಿನ ಪೆಟ್ಟಿಗೆಗೆ ಅಲ್ಲಾಬಕ್ಷ ಕೈಹಾಕಿ ತನ್ನ ದಿನಗಳನ್ನೇ ಎತ್ತಿಕೊಂಡು ಹೋದನೇನೋ ಎಂದು ಮಾಲತೇಶಪ್ಪನಿಗೆ ಎನಿಸಿತು.

ಅಂದಿನಿಂದ ಅವನೂ ಹಟಕ್ಕೆ ಬಿದ್ದ. ಧೂಳು ಉದುರಿಸಿದರೆ ಹಿಟ್ಟು ಚೆಲ್ಲಿದಂತಾಯಿತು. ತುಕ್ಕು ಹಚ್ಚಿದರೆ ಎಲೆಯಡಿಕೆ ಉಗುಳಿದಂತೆ ಕಂಡಿತು. ಗೇಟಿನಲ್ಲಿ ಲಾರಿ ಬಂದು ಹಾರ್ನ್ ಹೊಡೆದರೂ ಅವನ ತಲೆ ಅದರಲ್ಲೇ.

ಡಿಸೆಂಬರಿನಲ್ಲಿ ಅಲ್ಲಾಬಕ್ಷ ಗೇಟಿಗೇ ಬಂದು ಕೇಳಿದ, “ದಫೇದಾರ್ರ, ಒಂದ ಉಳದೈತ್ರಿ. ಬೂಟ್ ಹಾಕ್ಕೊಂಡ ಹತ್ತಿ ಹತ್ತಿ ಬಣ್ಣಾ ಸವದಿರಬೇಕಲ್ರಿ. ಡ್ರೈವರ್ ಯಾ ಕಡಿಂದ ಹತ್ತತಾನ?”

ಡ್ರೈವರಿನ ಬಾಗಿಲು ಎಡಕ್ಕಿದೆ, ಹತ್ತುವುದೂ ಎಡಮುಂಭಾಗದಿಂದಲೇ. ಮಾಲತೇಶಪ್ಪ ಸಾವಿರಾರು ಸಲ ಹತ್ತಿದ್ದ. ಬಾಯಿ ಮಾತ್ರ ಬೇರೆ ಹೇಳಿತು: “ಬಲಕ್ಕ. ಎಡಕ್ಕ ಸೈಲೆನ್ಸರ್ ಇರ್ತೈತಲ್ಲ, ಕಾಲ ಸುಡ್ತೈತಿ. ಬಲಕ್ಕ ಹತ್ತಿ ಮುಂದ ಹಾಯ್ದ ಬರೂದು.”

“ನೋಡ್ರಿ, ನಾ ಎಡಕ್ಕ ಅನ್ಕೊಂಡಿದ್ದೆ!” ಎಂದು ಅಲ್ಲಾಬಕ್ಷ ಕೈಮುಗಿದು ಹೋದ.

ಫೌಜಿನ ದಿನ ಇಬ್ಬರೂ ಕೂಡಿಯೇ ರೈಲಿನಲ್ಲಿ ಹಾವೇರಿಗೆ ಹೋದರು. ಹಾಲಿನಲ್ಲಿ ಮೇಜಿನ ಮೇಲೆ ಎರಡೂ ಟ್ಯಾಂಕು. ಜನ ಮುತ್ತಿದ್ದು ಒಂದರ ಸುತ್ತಲೇ. ನಿಜಲಿಂಗಪ್ಪನವರು ಚಾಳೀಸು ಏರಿಸಿ ಅದನ್ನು ಬಹಳ ಹೊತ್ತು ನೋಡಿದರು. “ಭಾರೀ ಮಾಡೀರಿ,” ಎಂದವರು ಹುಬ್ಬುಗಂಟಿಕ್ಕಿದರು. “ಆದ್ರ ಬಲಕ್ಕ ಯಾಕ ಸವದೈತಿ? ಹತ್ತೂದು ಎಡಕ್ಕಲ್ಲೇನು?”

“ದಫೇದಾರ್ರು ಹಂಗ ಹೇಳಿದ್ರರಿ,” ಎಂದ ಅಲ್ಲಾಬಕ್ಷ.

ಎಲ್ಲರೂ ಮಾಲತೇಶಪ್ಪನ ಕಡೆ ತಿರುಗಿದರು. ಮರೆತೆ ಅಂದುಬಿಟ್ಟಿದ್ದರೂ ಸಾಕಿತ್ತು. ಅವನು ಅಂದದ್ದು, “ನಾ ಎಡಕ್ಕ ಅಂದಿದ್ದೆ. ಇವಂಗ ತಪ್ಪ ಕೇಳಿಸಿರಬೇಕು.”

ಅಲ್ಲಾಬಕ್ಷ ಅವನನ್ನು ಒಮ್ಮೆ ನೋಡಿದ. ಊಟಕ್ಕೂ ನಿಲ್ಲದೆ ಬಸ್ಸು ಹಿಡಿದು ಹೋದ. ತಪ್ಪಿದ್ದರೂ ಗಾಜಿನ ಕಪಾಟಿಗೆ ಹೋದದ್ದು ಅವನ ಟ್ಯಾಂಕೇ. ಮಾಲತೇಶಪ್ಪನದನ್ನು ಆಫೀಸಿನ ಅಲಮಾರಿಯ ಮೇಲೆ ಇಟ್ಟರು.

ಎರಡು ತಿಂಗಳು ಮಾಲತೇಶಪ್ಪ ಆ ಶೆಡ್ಡಿನ ಮುಂದೆ ಸೈಕಲ್ ಜೋರಾಗಿ ತುಳಿದು ದಾಟಿದ. ನಾಚಿಕೆ ಒಂದು ಕಡೆ. ನಾಚಿಕೆಯ ಕೆಳಗೂ ಆ ಹೊಟ್ಟೆಕಿಚ್ಚು ಆರದೆ ಉಳಿದಿತ್ತು. ಒಂದು ದಿನ ಶೈಲಾ ಕೇಳಿದಳು, “ಅಲ್ಲಾಬಕ್ಷಣ್ಣ ಯಾಕ ಬರವಲ್ಲ?” ಮಾಲತೇಶಪ್ಪ ಎದ್ದು ಶೆಡ್ಡಿಗೆ ಹೋದ.

ಅಲ್ಲಾಬಕ್ಷ ಲಾರಿಯ ಹಿಂಬಾಗಿಲಿಗೆ ಅಕ್ಷರ ಬರೆಯುತ್ತಿದ್ದ. ತಿರುಗಿ ನೋಡದೆ, “ಕೈಯಾಗಿನ ಕೆಲಸಾ ಮುಗೀಲಿ,” ಎಂದ. ಮಾಲತೇಶಪ್ಪ ಬಿಸಿಲಲ್ಲಿ ಒಂದು ತಾಸು ನಿಂತ. ಬ್ರಶ್ ತೊಳೆದಿಟ್ಟು ಅಲ್ಲಾಬಕ್ಷ ಈ ಕಡೆ ತಿರುಗಿದಾಗ ಮಾಲತೇಶಪ್ಪ ಹೇಳಿದ, “ಬೇಕಂತ ತಪ್ಪ ಹೇಳಿದ್ನೋ. ನಿನ್ನ ಕೈ ನೋಡಿ ತಡಕೊಳ್ಳಾಕ ಆಗಲಿಲ್ಲ.”

“ತಪ್ಪ ಹೇಳಿದ್ದಕ್ಕ ಅಷ್ಟ ಸಿಟ್ಟಿಲ್ರಿ. ಅಷ್ಟ ಮಂದಿ ಮುಂದ ನನ್ನ ಕಿವುಡನ್ನ ಮಾಡಿದ್ರಿ. ಅದನ್ನ ಹಾವೇರಿಗೆ ಹೋಗಿ ಹೇಳ್ರಿ. ನನಗಲ್ಲ.”

ಮರುದಿನವೇ ಹೋಗಿ ಹೇಳಿದ. ನಿಜಲಿಂಗಪ್ಪನವರು, “ಫೌಜಿನ್ಯಾಗ ಇದ್ದಿದ್ರ ನಿನ್ನ ತೋಳಿನ ಪಟ್ಟಿ ಕೀಳತಿದ್ದೆ,” ಎಂದರು. ಮುಂದಿನ ಸಭೆಯಲ್ಲಿ ಎಲ್ಲರೆದುರು ಅವನ ಬಾಯಿಂದಲೇ ಹೇಳಿಸಿದರು. ಆಮೇಲೆ ಕಪಾಟಿನ ಟ್ಯಾಂಕನ್ನು ಅವನ ಕೈಗೆ ಕೊಟ್ಟು, ಸರಿಮಾಡಿಸಿಕೊಂಡು ಬಾ ಎಂದರು.

ಅಲ್ಲಾಬಕ್ಷ ಅದನ್ನು ಮುಟ್ಟಲಿಲ್ಲ. “ನೀವ ಮಾಡ್ರಿ. ನೀವ ಹತ್ತಿದವರು,” ಎಂದು ಪಕ್ಕದಲ್ಲಿ ಕೂತ. ಬಲಗಡೆಯ ಸವೆತಕ್ಕೆ ಹಸಿರು ಮುಚ್ಚಿ, ಎಡಮುಂಭಾಗಕ್ಕೆ ಸ್ಪಂಜಿನ ಚೂರಿನಿಂದ ಚುಕ್ಕೆ ಒತ್ತುತ್ತ, ಕಬ್ಬಿಣದ ಹೊಳಪಿಗೆ ಪೆನ್ಸಿಲಿನ ಸೀಸ ತಿಕ್ಕುತ್ತ ಮಾಲತೇಶಪ್ಪನಿಗೆ ನಾಲ್ಕು ತಾಸು ಹಿಡಿಯಿತು. ಕಾಲು ಎಲ್ಲಿ ಊರುತ್ತಿದ್ದೆ, ಕೈ ಎಲ್ಲಿ ಹಿಡಿಯುತ್ತಿದ್ದೆ ಎಂದು ನೆನೆದು ನೆನೆದು ಮಾಡಿದ. ಮುಗಿದಾಗ ಅಲ್ಲಾಬಕ್ಷ, “ಹೂಂ, ಬಂತ್ರಿ,” ಎಂದ. ಅವನಾಗಿದ್ದರೆ ಅರ್ಧ ತಾಸಿನಲ್ಲಿ ಮುಗಿಸುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಮಾಲತೇಶಪ್ಪ ಈ ಗೀಳು ಬಿಡಲಿಲ್ಲ. ಪುಣೆಯಿಂದ ಡಬ್ಬಿ ತರಿಸಿ ೨೦೦೯ರೊಳಗೆ ಒಂದು ಜೀಪು, ಎರಡು ಟ್ಯಾಂಕು ಮಾಡಿದ. ಪ್ರತಿಯೊಂದನ್ನೂ ಶೆಡ್ಡಿಗೆ ಒಯ್ದು ತೋರಿಸುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಧೂಳು ಈಗ ಹಿಟ್ಟಿನಂತೆ ಕಾಣುತ್ತಿರಲಿಲ್ಲ. ಅಲ್ಲಾಬಕ್ಷ ಮಾತ್ರ ಎರಡನೆಯದನ್ನು ಮಾಡಲೇ ಇಲ್ಲ.

“ಯಾಕೋ, ಇನ್ನೊಂದ ಮಾಡವಲ್ಲಿ?” ಎಂದು ಒಮ್ಮೆ ಮಾಲತೇಶಪ್ಪ ಡಬ್ಬಿ ಮುಂದಿಟ್ಟು ಕೇಳಿದ.

“ಒಂದ ಮಾಡಿ ನೋಡಿದ್ನಲ್ರಿ. ಸಾಕು,” ಎಂದು ಅಲ್ಲಾಬಕ್ಷ ನವಿಲಿನ ಗರಿಗೆ ನೀಲಿ ಹಚ್ಚತೊಡಗಿದ.

ಮಾಲತೇಶಪ್ಪ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ. ಅಂಥ ಕೈ ಇದ್ದೂ ಒಬ್ಬನು ಅದನ್ನು ಅಷ್ಟು ಹಗುರವಾಗಿ ಬಿಟ್ಟುಬಿಡಬಲ್ಲ ಎಂಬುದು ಅವನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.