ಎರಡೂ ಕಡೆಯ ಪಾತ್ರ ನನ್ನದೇ

ನಾನು ರಾಮನಗರದ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಇದನ್ನು ಹೇಳಲು ನನಗೆ ಸಂಕೋಚ. ಹೇಳಿದೊಡನೆ ‘ಅದ್ರಿಂದ ಏನ್ ಸಾ ಉಪ್ಯೋಗ?’ ಎಂಬ ಪ್ರಶ್ನೆ. ಕೇಳುವವರಲ್ಲಿ ಕುಹಕವಿರುವುದಿಲ್ಲ. ಬಿಡದಿಯಲ್ಲಿ ಕಾರಿನ ಫ್ಯಾಕ್ಟರಿ ಬಂದ ಮೇಲೆ ನಮ್ಮ ಕಡೆ ಪ್ರತಿ ವಿದ್ಯೆಯನ್ನೂ ಈ ಪ್ರಶ್ನೆ ಕೇಳಿಯೇ ಮನೆಯೊಳಗೆ ಬಿಡುತ್ತಾರೆ. ಫಿಟ್ಟರ್ ಕಲಿತರೆ ಗೇಟಿನ ಒಳಗೆ, ವೆಲ್ಡರ್ ಕಲಿತರೆ ಗೇಟಿನ ಒಳಗೆ. ತತ್ವಶಾಸ್ತ್ರ ಕಲಿತರೆ? ವ್ಯಕ್ತಿತ್ವ ಅರಳುತ್ತದೆ, ದೃಷ್ಟಿ ವಿಶಾಲವಾಗುತ್ತದೆ, ಬದುಕಿಗೊಂದು ಅರ್ಥ ಸಿಗುತ್ತದೆ ಎಂದೆಲ್ಲ ಹೇಳುತ್ತಿದ್ದೆ. ಹೇಳುವಾಗ ನನ್ನ ದನಿ ಮದುವೆ ಛತ್ರದ ಮೈಕಿನಿಂದ ಬಂದಂತೆ ನನಗೇ ಕೇಳಿಸುತ್ತಿತ್ತು. ಪಕ್ಕದವರು ತಲೆಯಾಡಿಸಿ ಕಿಟಕಿಯಾಚೆ ನೋಡುತ್ತಿದ್ದರು.

ಈಗ ನನ್ನ ಬಳಿ ಬೇರೊಂದು ಉತ್ತರವಿದೆ. ಆದರೆ ಅದು ನೆನಪಿನಿಂದ ಬಂದದ್ದು. ನೆನಪಿನ ಕೈಗೆಲಸವನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದು ಅತಿಜಾಣ ಟೈಲರ್ ಇದ್ದಂತೆ. ಹರಿದದ್ದನ್ನು ಹೊಲಿಯಿರೆಂದು ಕೊಟ್ಟರೆ ಜರಿ ಅಂಚು ಕೂಡಿಸಿ ತರುತ್ತದೆ. ಆದ್ದರಿಂದ ನಡುನಡುವೆ ಹೊಲಿಗೆ ಬಿಚ್ಚಿ ತೋರಿಸುತ್ತೇನೆ, ಸಹಿಸಿಕೊಳ್ಳಿ.

ನಮ್ಮೂರು ಬಿಡದಿಯಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ವರ್ಷಕ್ಕೊಂದು ನಾಟಕ, ಪ್ರತಿ ವರ್ಷವೂ ಅದೇ ನಾಟಕ. ಹಿಂದೆಂದೋ ಊರಿನ ಮೇಷ್ಟ್ರೊಬ್ಬರು ಬರೆದದ್ದು. ಕಥೆ ಯಾವ ಪುರಾಣದಲ್ಲೂ ಇಲ್ಲ, ಎಲ್ಲ ಪುರಾಣಗಳ ವಾಸನೆಯೂ ಅದಕ್ಕಿದೆ. ಒಂದು ರಾಜ್ಯ, ಇಬ್ಬರು ರಾಜಕುಮಾರರು. ತಮ್ಮರಾಜ ಬಂದು ಪಾಲು ಕೇಳುತ್ತಾನೆ, ಅಣ್ಣರಾಜ ಕೊಡುವುದಿಲ್ಲ. ಅಲ್ಲಿಂದಾಚೆಗೆ ಕೊನೆಯವರೆಗೂ ಯುದ್ಧ.

ಆಡುವವರೆಲ್ಲ ಬೇಸಾಯದವರಾಗಿದ್ದಾಗ ತಾಲೀಮು ಕಷ್ಟವಿರಲಿಲ್ಲ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳನ್ನು ಬಿಟ್ಟರೆ ಉಳಿದ ಸಂಜೆಗಳೆಲ್ಲ ನಾಟಕದವೇ. ಈಗ ಪಾತ್ರಧಾರಿಗಳಲ್ಲಿ ಹೆಚ್ಚಿನವರು ಫ್ಯಾಕ್ಟರಿಗೆ ಹೋಗುತ್ತಾರೆ. ಹಿಂದಿನ ವರ್ಷ ಶಿಫ್ಟು ಹೊಂದಲಿಲ್ಲವೆಂದು ನಾಟಕ ನಿಂತೇಹೋಯಿತು. ಈ ವರ್ಷ ಪಾತ್ರ ಹಂಚುವಾಗ ಊರಿನವರು ಬುದ್ಧಿ ಓಡಿಸಿದರು: ಒಂದೇ ಕಂಪನಿ ಬಸ್ಸಿನಲ್ಲಿ ಹೋಗುವವರೆಲ್ಲ ಒಂದೇ ಪಕ್ಷದಲ್ಲಿರಲಿ, ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಬಹುದು. ಎಲ್ಲರೂ ಭೇಷ್ ಎಂದರು. ಒಂದು ಶಿಫ್ಟು ಅಣ್ಣರಾಜನ ಸೈನ್ಯವಾಯಿತು, ಇನ್ನೊಂದು ತಮ್ಮರಾಜನದು. ಹೀಗಾದರೆ ಎರಡೂ ಸೈನ್ಯ ಎದುರುಬದುರಾಗುವುದೇ ಇಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. ಒಬ್ಬರು ಬರುವಾಗ ಇನ್ನೊಬ್ಬರು ಹೋಗಿರುತ್ತಿದ್ದರು. ವಾರದ ರಜೆಯೂ ಬೇರೆ ಬೇರೆ.

ಅಣ್ಣರಾಜನ ಪಾತ್ರ ಪುಟ್ಟಸ್ವಾಮಿಯದು. ಫ್ಯಾಕ್ಟರಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ವಿಭಾಗದವನು. ಒಂದು ಸಂಜೆ ನೇರ ನನ್ನ ಮನೆಗೆ ಬಂದ.

‘ಈ ವರ್ಸ ಆಡೇ ಆಡ್ತೀವಿ ಸಾ. ಎರಡ್ ವರ್ಸ ಬುಟ್ರೆ ಮೂರ್ನೇ ವರ್ಸಕ್ಕೆ ಯಾರಿಗೂ ಮಾತೇ ನೆಪ್ಪಿರಾಕಿಲ್ಲ. ಊರಲ್ಲಿ ನಾಟ್ಕ ಅನ್ನೋದೇ ಮುಗ್ದೋಯ್ತದೆ.’

‘ನನ್ನಿಂದ ಏನಾಗಬೇಕು?’

‘ನಮ್ಗೆ ಎದುರು ಪಾರ್ಟಿ ಇಲ್ಲ. ನೀವಾಗ್ಬುಡಿ.’

ಹೀಗೆ ನಾನು ಎದುರು ಪಾರ್ಟಿಯಾದೆ. ಒಂದೇ ಪಕ್ಷಕ್ಕಲ್ಲ, ಎರಡಕ್ಕೂ. ಸಂಜೆ ಬರುವ ಅಣ್ಣರಾಜನಿಗೆ ನಾನು ಪಾಲು ಕೇಳುವ ತಮ್ಮ; ಬೆಳಗ್ಗೆ ಬರುವ ತಮ್ಮರಾಜನಿಗೆ ನಾನೇ ಪಾಲು ಕೊಡದ ಅಣ್ಣ. ವಾರ ಕಳೆದು ಶಿಫ್ಟು ತಿರುಗಿದರೆ ನನ್ನ ಹುಟ್ಟಿನ ಕ್ರಮವೂ ತಿರುಗುತ್ತಿತ್ತು. ತಮ್ಮರಾಜನ ಪಾತ್ರದ ಕೆಂಪರಾಜು, ವೆಲ್ಡಿಂಗ್ ವಿಭಾಗದವನು, ಬಾಯಿ ಮುಚ್ಚಿಕೊಂಡಿರುವವನಲ್ಲ.

‘ಸಾ, ನಿಮ್ ಅಣ್ಣರಾಜ ಕ್ಲಾಸಲ್ಲಿ ಹಾಜ್ರಿ ಕೂಗ್ದಂಗೆ ಕೂಗ್ತಾನೆ. ಇವನ್ ಮೇಲೆ ಒಸಿನೂ ಸಿಟ್ ಬರಾಕಿಲ್ವಲ್ಲ!’

‘ಸಿಟ್ಟು ತರಿಸಿಕೊಳ್ಳುವುದು ನಿನ್ನ ಪಾತ್ರ. ಸಾಲು ಎತ್ತಿಕೊಡುವುದಷ್ಟೇ ನನ್ನದು.’

ಹೊರಗೆ ಹೀಗೆ ಹೇಳಿದರೂ ಒಳಗೆ ಹೆಮ್ಮೆಯಿತ್ತು. ನಮ್ಮ ಹಳೆಯ ಕಾಲದ ವಾದಗಳಿಗೆ ಒಂದು ಮರ್ಯಾದೆ ಇತ್ತು. ನಿಮ್ಮ ಮಾತನ್ನು ಹೇಳುವ ಮೊದಲು ಎದುರಾಳಿಯ ಮಾತನ್ನು ನೀವೇ ಹೇಳಬೇಕು, ಅದೂ ಅವನೇ ಕೇಳಿ ‘ಹೌದು, ನನ್ನ ಮನಸ್ಸಿನಲ್ಲಿದ್ದದ್ದು ಇದೇ’ ಎನ್ನುವಂತೆ. ಅದಕ್ಕೆ ಪೂರ್ವಪಕ್ಷ ಎಂದು ಹೆಸರು. ಖಂಡನೆಯೆಲ್ಲ ಆಮೇಲೆ. ಬೋರ್ಡಿನ ಮೇಲೆ ನಾನು ಬರೆಯುತ್ತಲೇ ಬಂದಿದ್ದೇನೆ, ಹುಡುಗರು ಇಳಿಸಿಕೊಳ್ಳುತ್ತಲೇ ಬಂದಿದ್ದಾರೆ. ಈಗ ನಾನೇ ನಡೆದಾಡುವ ಪೂರ್ವಪಕ್ಷವಾಗಿದ್ದೇನೆ ಅಂದುಕೊಂಡೆ. ಒಂದನ್ನು ಮಾತ್ರ ಗಮನಿಸಲಿಲ್ಲ. ಪೂರ್ವಪಕ್ಷ ಇರುವುದೇ ಸೋಲಲಿಕ್ಕೆಂದು ಮೊದಲೇ ಗೊತ್ತಿದ್ದರಿಂದ, ಎರಡೂ ಕಡೆ ಸೋಲುವವನ ದನಿಯಲ್ಲೇ ಓದುತ್ತಿದ್ದೆ.

ಇಲ್ಲೊಂದು ಹೊಲಿಗೆ ಬಿಚ್ಚಬೇಕು. ಪುಟ್ಟಸ್ವಾಮಿ, ಕೆಂಪರಾಜು ನಿಜವಾಗಿಯೂ ಅಣ್ಣತಮ್ಮಂದಿರು, ಜಮೀನಿನ ಪಾಲಿಗಾಗಿ ಮಾತು ಬಿಟ್ಟವರು ಎಂದು ಬರೆಯಲು ಕೈ ತುರಿಸುತ್ತಿದೆ. ಫ್ಯಾಕ್ಟರಿಗಳು ಬಂದು ನೆಲಕ್ಕೆ ಬೆಲೆ ಏರಿದ ಮೇಲೆ ಅಂಥವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಇವರಿಬ್ಬರು ನೆಂಟರೂ ಅಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದರೆ ಒಬ್ಬನ ತಟ್ಟೆಯಿಂದ ಇನ್ನೊಬ್ಬ ಚಟ್ನಿ ಬಳಿಯುವ ಗೆಳೆಯರು, ಅಷ್ಟೇ.

ಇಡೀ ಫ್ಯಾಕ್ಟರಿಗೆ ಒಟ್ಟಿಗೆ ರಜೆ ಸಿಗುವುದು ಯುಗಾದಿಗೆ. ಮಾರನೆಯ ದಿನ ಬೆಳಗಿನ ಬಸ್ಸು ಕಾಯುತ್ತಿರುವುದರಿಂದ ರಾತ್ರಿ ನಾಟಕದ ಮಾತೇ ಇಲ್ಲ. ಒಬ್ಬಟ್ಟಿನ ಊಟ ಮುಗಿಸಿ, ಮಧ್ಯಾಹ್ನದ ಬಿಸಿಲಲ್ಲಿ, ಶಾಲೆಯ ಮುಂದಿನ ಶಾಮಿಯಾನದಡಿ ಜನ ತೂಕಡಿಸುತ್ತ ಕೂತರು. ನಾನು ಪರದೆಯ ಮರೆಯಲ್ಲಿ ಸಾಲು ಎತ್ತಿಕೊಡಲು ನಿಂತೆ. ಎರಡು ಸೈನ್ಯಗಳು ಒಂದನ್ನೊಂದು ಮೊದಲ ಬಾರಿಗೆ ನೋಡಿದ್ದು ರಂಗದ ಮೇಲೆಯೇ.

ಕೆಂಪರಾಜು ಪಾಲು ಕೇಳಲು ಬಂದ. ‘ಅಣ್ಣಾ, ನಿನ್ನ ಸಿಂಹಾಸನ ನನಗೆ ಬೇಡ. ನಾವಿಬ್ಬರೂ ಆಡಿ ಬೆಳೆದ ಈ ಅಂಗಳದಲ್ಲಿ ನಾನೂ ನಿಲ್ಲುವಷ್ಟು ಜಾಗ ಕೊಡು’ ಎಂದ. ಆ ಸಾಲನ್ನು ಎಷ್ಟು ಸಂಜೆ ಓದಿದ್ದೆನೋ, ಅದರಲ್ಲೊಂದು ಅಂಗಳವಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಕೆಂಪರಾಜು ಕೈ ಮುಂದೆ ಚಾಚಿ ನಿಂತೇ ಇದ್ದ. ಪುಟ್ಟಸ್ವಾಮಿ ‘ಕೊಡೆನು’ ಎಂದು ಗರ್ಜಿಸಬೇಕು. ಅವನು ಗರ್ಜಿಸಲಿಲ್ಲ. ನಾನು ಪಿಸುಗುಟ್ಟಿದೆ: ‘ಕೊಡೆನು!’ ಇನ್ನೂ ಜೋರಾಗಿ: ‘ಕೊಡೆನು!’

ಅವನು ಕಿರೀಟ ಸಮೇತ ನನ್ನ ಕಡೆ ತಿರುಗಿದ. ‘ಯಾಕ್ ಸಾ ಕೊಡಬಾರ್ದು? ಅವ್ನು ಕೇಳ್ತಿರೋದು ನ್ಯಾಯವಾಗೇ ಐತಲ್ಲ!’ ಆಮೇಲೆ ಕೆಂಪರಾಜುವಿನ ಕಡೆಗೆ, ‘ತಗೊಳ್ಲಾ, ಕೊಟ್ಟಿದ್ದೀನಿ’ ಎಂದ.

ಶಾಮಿಯಾನಕ್ಕೆ ಪೂರ್ತಿ ಎಚ್ಚರವಾಯಿತು. ಹಾರ್ಮೋನಿಯಂ ಮೇಷ್ಟ್ರು ಅಭ್ಯಾಸಬಲದಿಂದ ಯುದ್ಧದ ಮಟ್ಟು ಶುರುಮಾಡಿ, ಪೆಚ್ಚಾಗಿ ನಿಲ್ಲಿಸಿದರು. ಕೆಂಪರಾಜು ತಮ್ಮರಾಜನ ಮೀಸೆಯ ಹಿಂದಿನಿಂದ ಹಲ್ಲು ಕಡಿದ.

‘ಲೇ, ಹಂಗೆಲ್ಲ ಕೊಡಂಗಿಲ್ಲ ಕಣ್ಲಾ! ನಮ್ ಹುಡುಗ್ರು ಮೂರ್ ತಿಂಗ್ಳಿಂದ ಕತ್ತಿವರಸೆ ಕಲ್ತವ್ರೆ!’

‘ನಾನ್ ಕೊಟ್ಟಾಯ್ತು. ಬ್ಯಾಡ ಅಂದ್ರೆ ನೀನೇ ಬ್ಯಾಡ ಅನ್ನು.’

‘ಕೇಳಿದ್ದೇ ನಾನು. ನಾನೆಂಗ್ಲಾ ಬ್ಯಾಡ ಅನ್ಲಿ?’

‘ಯುದ್ದ ಆಡ್ಸ್ರಲೋ!’ ಎಂದು ಹಿಂದಿನ ಸಾಲು ಶಿಳ್ಳೆ ಹಾಕಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಹಿಂದಕ್ಕೆ ತಿರುಗಿ, ‘ಸುಮ್ಕಿರ್ರೋ. ಕೊಟ್ಟದ್ದು ಸರ್ಯಾಗೇ ಐತೆ’ ಎಂದು ಗದರಿಸಿದಳು. ಒಂದು ವರ್ಷ ನಿಂತು ಮತ್ತೆ ರಂಗ ಹತ್ತಿದ್ದ ನಾಟಕ ನನ್ನ ಕಣ್ಣೆದುರೇ ಮುಗಿದುಹೋಗುತ್ತಿತ್ತು. ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಅದಕ್ಕೆ ಪರಿಹಾರವಿರಲಿಲ್ಲ.

ಪುಟ್ಟಸ್ವಾಮಿ ರಂಗದ ಅಂಚಿಗೆ ಬಂದು ಕೈಮುಗಿದ. ‘ಮಹಾಜನಗಳೇ, ಪಾಲು ಕೊಟ್ಟಾಯ್ತು, ವಾಪಸ್ ಇಸ್ಕಳಾಕಾಗಲ್ಲ. ಕೊಡದೇ ಇದ್ದಿದ್ರೆ ಏನಾಗ್ತಿತ್ತು ಅನ್ನೋದ್ನ ಈಗ ನಮ್ ಹುಡುಗ್ರು ತೋರುಸ್ತಾರೆ.’

ಯುದ್ಧ ನಡೆಯಿತು, ಒಂದು ಕತ್ತಿಯ ಹೊಡೆತವನ್ನೂ ಬಿಡದೆ. ನೆನಪು ಇಲ್ಲೊಂದು ದೊಡ್ಡ ನಿಶ್ಶಬ್ದವನ್ನು ಜರಿಯಂತೆ ಕೂಡಿಸಲು ನೋಡುತ್ತಿದೆ. ನಿಜವೆಂದರೆ ಮೊದಮೊದಲು ಶಿಳ್ಳೆ ಇತ್ತು, ನಗುವೂ ಇತ್ತು. ಆದರೆ ಸಾವುಗಳು ಬೇರೆ ಥರ ಕಾಣತೊಡಗಿದ್ದು ಸುಳ್ಳಲ್ಲ. ಹಿಂದೆಲ್ಲ ಬಿದ್ದವನು ವೀರನಾಗುತ್ತಿದ್ದ. ಈಗ ಒಬ್ಬೊಬ್ಬ ಬಿದ್ದಾಗಲೂ, ಇವನು ಸಾಯಬೇಕಾಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೆಂಪರಾಜು ಬಿದ್ದಾಗ ಆ ಅಜ್ಜಿ ‘ಅಯ್ಯೋ, ಕೊಟ್ಟಿದ್ನಲ್ಲಪ್ಪಾ’ ಎಂದಳು. ಅಷ್ಟನ್ನು ನಾನು ಆಣೆ ಇಟ್ಟು ಹೇಳಬಲ್ಲೆ.

ಬಸ್ಸಿನವರ ಪ್ರಶ್ನೆಗೆ ಈಗ ನನ್ನ ಉತ್ತರ ಇದು: ಮುಂಚೆಯೇ ಬರೆದಿಟ್ಟ ಉತ್ತರ ಬಾಯಲ್ಲಿದ್ದರೂ ಎದುರಿನವನ ಮಾತು ಮುಗಿಯುವವರೆಗೆ ಕೇಳುವುದು. ಕೇಳಿದ ಮೇಲೆ ಉತ್ತರ ಬದಲಾದರೆ ಹೆದರದಿರುವುದು. ಬದಲಾಗದಿದ್ದರೆ ಏನಾಗುತ್ತಿತ್ತು ಎಂಬುದನ್ನು ಕಣ್ಣ ಮುಂದೆ ತಂದುಕೊಳ್ಳುವುದು. ಕಥೆ, ಇತಿಹಾಸ, ತರ್ಕ ಎಂದು ನಾವು ಬೇರೆ ಬೇರೆ ಪೀರಿಯಡ್ಡುಗಳಲ್ಲಿ ಹೇಳಿಕೊಡುವುದೆಲ್ಲ ಇದನ್ನೇ ಎಂದು ನನಗೆ ಅನ್ನಿಸಿತು. ಕಾರು ಮಾಡಲು ಇದು ಬೇಕಿಲ್ಲ. ಕಾರಿನಲ್ಲಿ ಅಕ್ಕಪಕ್ಕ ಕೂತು ಹೋಗುವ ಇಬ್ಬರಿಗೆ ಬೇಕು. ಎದುರಾಳಿಯ ಮಾತನ್ನು ಹೇಳುವಾಗ ನಾನೇ ಅದಕ್ಕೆ ಒಪ್ಪಿಬಿಡುವ ಅಪಾಯವಿರಬೇಕು. ಆ ಅಪಾಯವಿಲ್ಲದೆ ಹೇಳಿದರೆ, ಕೆಂಪರಾಜು ಅಂದಂತೆ, ಹಾಜರಿ ಕೂಗಿದ ಹಾಗೆ.

ಸಂಜೆ ಎಲ್ಲರೂ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದರು. ಬದುಕಿದವರು ಸತ್ತವರ ಬೆನ್ನಿಗೆ ಅಂಟಿದ ಮಣ್ಣು ಕೊಡವುತ್ತಿದ್ದರು. ಕೆಂಪರಾಜು ಇನ್ನೂ ರೇಗುತ್ತಲೇ ಇದ್ದ.

‘ಮುಂದಿನ್ ವರ್ಸ ನಾನ್ ಅಣ್ಣರಾಜ, ನೀನು ತಮ್ಮ. ಕೇಳು ನೋಡಾನ. ಅದೆಂಗ್ ಕೇಳ್ತೀಯೋ ನಾನೂ ನೋಡ್ತೀನಿ.’

‘ಕೇಳ್ತೀನಿ ಕಣ್ಲಾ. ನೀನ್ ಕೊಡೋವರ್ಗೂ ಕೇಳ್ತೀನಿ’ ಎಂದ ಪುಟ್ಟಸ್ವಾಮಿ. ಆಮೇಲೆ ನನ್ನ ಕಡೆ ತಿರುಗಿದ. ‘ಸಾ, ಬೇಜಾರ್ ಮಾಡ್ಕಬ್ಯಾಡಿ. ಮುಂದಿನ್ ವರ್ಸ ನೀವು ಪರದೆ ಹಿಂದೆ ಬ್ಯಾಡ. ಮುಂದೆ ಕೂತು ಕೇಳಿ.’

ಆಗಲಿ ಎಂದೆ. ಮುಂದಿನ ವರ್ಷವೆಂಬುದೊಂದು ಇದೆ ಎಂದು ಇಬ್ಬರೂ ಎಷ್ಟು ಸಲೀಸಾಗಿ ತೀರ್ಮಾನಿಸಿಬಿಟ್ಟಿದ್ದರು! ಕೇಳುವುದಕ್ಕೂ ತಾಲೀಮು ಬೇಕಲ್ಲ; ನಾನು ಶುರುಮಾಡಿದ್ದೇನೆ. ಕ್ಲಾಸಿನಲ್ಲಿ ಹುಡುಗರು ಪ್ರಶ್ನೆ ಕೇಳುವಾಗ ಈಗ ಸೀಮೆಸುಣ್ಣವನ್ನು ಕೆಳಗಿಡುತ್ತೇನೆ.