ಪಿಸುದನಿಯಲ್ಲಿ ಕುದುರಿದ ಸಂಬಂಧ

ನನ್ನನ್ನು ನೋಡಲು ತಿ. ನರಸೀಪುರದಿಂದ ಚಿಕ್ಕಯ್ಯನಛತ್ರದ ನಮ್ಮ ಮನೆಗೆ ಬಂದಿದ್ದ ಗಂಡಿನ ತಾಯಿ, ಜಗಲಿಯಲ್ಲಿ ಕೂರುವ ಮೊದಲೇ ದಾಸವಾಳದ ಕೊಂಬೆಗೆ ತೂಗುತ್ತಿದ್ದ ಕಸದ ಮುದ್ದೆಯೊಂದನ್ನು ಕಿತ್ತೆಸೆಯಲು ಕೈ ಚಾಚಿದರು. ನನ್ನವ್ವ ಓಡಿಬಂದು ಆ ಕೈಯನ್ನೇ ಹಿಡಿದುಬಿಟ್ಟಳು!

“ಕೈ ಆಕ್ಬ್ಯಾಡಿ ಕಣಕ್ಕ. ಅದು ಕಸ ಅಲ್ಲ, ಬಾಣಂತಿ ಮನೆ.”

ಹೆಣ್ಣು ನೋಡಲು ಬಂದವರ ಕೈ ತಡೆದರೆ ಸಂಬಂಧ ಉಳಿದೀತೇ? ಅಷ್ಟರಲ್ಲಿ ಹೆಬ್ಬೆರಳಷ್ಟಿದ್ದ ಸೂರಕ್ಕಿಯೊಂದು ಹಾರಿಬಂದು ಆ ಮುದ್ದೆಗೆ ಜೋತುಬಿತ್ತು. ಒಳಗಿನಿಂದ ಎರಡು ಮರಿಗಳು ಕೊಕ್ಕು ತೆರೆದವು. ದಾಸವಾಳ, ಬಾಳೆಹೂವಿನ ಮಕರಂದ ಹೀರುವ ಆ ಹಕ್ಕಿ ನಮ್ಮ ಸೂರಿನ ಜೇಡರಬಲೆಯನ್ನು ಎಳೆಎಳೆಯಾಗಿ ಒಯ್ದು, ನಾರು, ತರಗೆಲೆ ಸೇರಿಸಿ ಗೂಡು ಹೆಣೆದಿತ್ತು. ಅದಕ್ಕೆಂದೇ ಅವ್ವ ಒಂದು ಮೂಲೆಯ ಬಲೆಯನ್ನು ಗುಡಿಸದೆ ಬಿಟ್ಟಿದ್ದಳು.

ಗಂಡಿನ ತಾಯಿ ಮರಿಗಳನ್ನೇ ನೋಡುತ್ತ ನಿಂತರು. ಆಮೇಲೆ, “ಅಂಗಾರೆ ಮೆತ್ತಗೆ ಮಾತಾಡನ ಬುಡಿ” ಎಂದು ಕುಳಿತರು. ಅಪ್ಪ ಒಳಗೆ ಹಾಡುತ್ತಿದ್ದ ಟೇಪ್‌ರೆಕಾರ್ಡರ್ ನಿಲ್ಲಿಸಿದ. ನನ್ನ ಮದುವೆಯ ಮಾತುಕತೆಯೆಲ್ಲ ಪಿಸುದನಿಯಲ್ಲೇ ಮುಗಿಯಿತು.

ಈಗ ನರಸೀಪುರದ ಮನೆಯ ಸೂರಿನಲ್ಲೂ ಒಂದು ಮೂಲೆಗೆ ಪೊರಕೆ ತಾಗುವುದಿಲ್ಲ. ಅದನ್ನು ಕಂಡು ನೆಂಟರು ಮೂಗು ಮುರಿದರೆ ನಾನು ಬಾಯಿ ತೆರೆಯಬೇಕಾಗಿಲ್ಲ. “ಅದು ನಮ್ಮ ಬೀಗಿತ್ತಿ ಕಲಿಸಿದ್ದು” ಎಂದು ಅತ್ತೆಯೇ ಎದೆಯುಬ್ಬಿಸಿ ಹೇಳುತ್ತಾರೆ.