ಕಾಕುವಿನ ತುತ್ತೂರಿ ಬಳ್ಳಿ

ಕಾಕುವಿನ ಹಣೆಯ ಮೇಲೆ ಹಚ್ಚೆಯ ಹಸಿರು ಬೊಟ್ಟೊಂದು ಕುಂಕುಮದ ಅಂಚಿನಿಂದ ಇಣುಕುತ್ತಿತ್ತು. ನಕ್ಕರೆ ಹುಬ್ಬಿನ ಜೊತೆ ಅದೂ ಮೇಲೇರುತ್ತಿತ್ತು. ಕುಲಗೋಡದಲ್ಲಿ ನಮ್ಮ ಬಾಜೂ ಮನೆಯವರು. ಬಾಯಿಮಾತಿಗೆ ಚಿಕ್ಕಮ್ಮ, ಬಳಗವೇನಲ್ಲ; ಆದರೂ ಚಿಕ್ಕಂದಿನಲ್ಲಿ ನನಗೆ ಹೆರಳು ಹಾಕಿದ್ದು ಹೆಚ್ಚಾಗಿ ಅವರೇ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಗೋಕಾಕದ ಯಾವುದೋ ಬಂಗಲೆಯ ಕಂಪೌಂಡಿನಿಂದ ಕಡ್ಡಿಯೊಂದನ್ನು ಮುರಿದು, ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದರು. ತುತ್ತೂರಿಯಂಥ ಕೇಸರಿ ಹೂವಿನ ಬಳ್ಳಿ. ದೇವರಿಗೆ ಏರಿಸುವುದಿಲ್ಲ, ಮುಡಿಯುವುದಿಲ್ಲ, ಪಲ್ಯಕ್ಕಂತೂ ಬರುವುದೇ ಇಲ್ಲ. ಓಣಿಯ ಹೆಂಗಸರು ನಕ್ಕರೆ ಕಾಕು, "ನಗ್ರಿ, ನಗ್ರಿ. ಬರೇ ನೋಡಾಕ ಒಂದರೆ ಇರ್ಲಿ," ಎನ್ನುತ್ತಿದ್ದರು. ಹೀರೆ, ಅವರೆಗಳಂತೆ ಅದಕ್ಕೆ ಚಪ್ಪರ ಬೇಕಾಗಲಿಲ್ಲ. ಗೆಣ್ಣುಗೆಣ್ಣಿಗೂ ಸಣ್ಣ ಬೇರು ಬಿಟ್ಟು, ಮಣ್ಣಿನ ಗೋಡೆಯನ್ನೇ ಕಚ್ಚಿಕೊಂಡು ಮಾಳಿಗೆ ಏರಿತು. ಹೂ ಬಿಟ್ಟಾಗ ನಕ್ಕವರೇ ನಿಂತು ನೋಡಿದರು.

ಒಬ್ಬಳೇ ಮಗಳನ್ನು, ನಾನು ಅಕ್ಕ ಎನ್ನುತ್ತಿದ್ದವಳನ್ನು, ಹುಕ್ಕೇರಿ ಕಡೆಯ ದಡ್ಡಿ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಆಕೆ ತವರಿಗೆ ಬಂದಾಗ ಬಳ್ಳಿ ತೋಳಿನಷ್ಟು ದಪ್ಪವಾಗಿ, ಬೇರು ಗೋಡೆಯ ಬಿರುಕಿಗೆ ಇಳಿದಿತ್ತು. ಮಳೆಗೆ ಮುಂಚೆ ಗೋಡೆಗೆ ಮಣ್ಣು ಮೆತ್ತಬೇಕೆಂದು ಕಾಕುವಿನ ಗಂಡ ಕಾಕಾ ಕೊಡಲಿ ಹಿಡಿದು ಬಂದರು.

"ಗ್ವಾಡಿ ಪೂರಾ ಸಡ್ಲ ಆಗೇತಿ. ಇದನ್ನ ಕಡೀತೇನಿ, ಅತ್ತಾಗ ಸರಿ."

ಕಾಕು ಅಡ್ಡ ನಿಂತರು. "ಬಸುರಿ ಇದ್ದ ಮನ್ಯಾಗ ಹಬ್ಬಿದ ಬಳ್ಳಿ ಕಡೀತಾರೇನ್ರಿ? ಅಕಿ ಹಡೀಲಿ. ಆಮ್ಯಾಲ ಬೇರು ಸುದ್ದಾ ಕಿತ್ತು ಒಗೀರಿ."

ಓಣಿಯೆಲ್ಲ ಅದನ್ನೇ ಅಂದಿತು, ನನ್ನ ಅವ್ವನೂ ಅಂದಳು. ಕಾಕಾ ಕೊಡಲಿ ಒಳಗಿಟ್ಟರು. ಗೋಡೆಗೆ ಮಣ್ಣು ಬೀಳಲಿಲ್ಲ.

ಆ ಸಲ ಹಿಡಿದ ಮಳೆ ಬಿಡಲೇ ಇಲ್ಲ. ಒಂದು ಮಧ್ಯಾಹ್ನ ನೆನೆದ ಗೋಡೆ ಬಳ್ಳಿಯ ಭಾರಕ್ಕೆ ಕುಸಿದು, ಮಾಳಿಗೆಯನ್ನೂ ಎಳೆದುಕೊಂಡಿತು. ಒಳಗೆ ಅಕ್ಕ ಮಲಗಿದ್ದಳು. ಅಯ್ಯೋ ಶಿವನೇ, ಕಾಕು ಬರಿಗೈಯಲ್ಲಿ ಮಣ್ಣು ಬಗೆದದ್ದನ್ನು ನೋಡಬಾರದಿತ್ತು. ಅಕ್ಕನೂ ಹೊಟ್ಟೆಯ ಕೂಸೂ ಇಬ್ಬರೂ ಉಳಿಯಲಿಲ್ಲ.

ಕಡಿಯಬೇಡಿ ಎಂದಿದ್ದ ಬಾಯಿಗಳೇ, "ಮಗಳಿಗಿಂತ ಹೂ ಹೆಚ್ಚಾತೇನು?" ಎಂದವು. ಅವರ ನಾಲಿಗೆ ಸೇದಿಹೋಗಲಿ!

ಕಾಕಾ ಬಳ್ಳಿಯನ್ನು ಬುಡಕ್ಕೆ ಕಡಿದು ಸುಟ್ಟರು. ಆದರೆ ಪ್ರತಿ ಮಳೆಗೂ ನೆಲದೊಳಗಿನ ಬೇರು ಅಂಗಳದಲ್ಲಿ ಎಲ್ಲೆಂದರಲ್ಲಿ ಚಿಗುರುತ್ತಿತ್ತು. ಕಾಕು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಕೀಳುತ್ತಿದ್ದರು. ಸಾಯುವ ವರ್ಷವೂ ಹಾಗೇ ಕೂತಿದ್ದರು. ಮದುವೆಯಾಗಿ ಮೂಡಲಗಿಯಲ್ಲಿದ್ದ ನಾನು ನೋಡಲು ಹೋಗಿದ್ದೆ.

"ಬಿಡ್ರಿ ಕಾಕು, ಸಾಕ ಮಾಡ್ರಿ," ಎಂದು ಕೈ ಹಿಡಿದೆ.

ಕಿತ್ತ ಚಿಗುರನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದರು:

"ಕಡದ್ವಿ, ಸುಟ್ವಿ. ಆದರೂ ಇದಕ್ಕ ಮತ್ತ ಹುಟ್ಟಾಕ ಬರ್ತೈತಿ. ಅಕಿಗೆ ಯಾಕ ಬರೂದಿಲ್ಲವ್ವಾ?"